ಘಾಟಿಯಲ್ಲಿ ಹೊತ್ತಿಕೊಂಡ ಕೆಂಪು ದೀಪ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಲಾರಿಗಳ ಹಿಂದೆ ಒಂದನೇ ಗೇರಿನಲ್ಲಿ ತೆವಳುತ್ತಿದ್ದ ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ತಾಪಮಾನದ ಕೆಂಪು ದೀಪ ಹೊತ್ತಿಕೊಂಡಿತು. ಎಸಿ ಆರಿಸಿ, ಎಂಜಿನ್ನಿನ ಬಿಸಿ ಸ್ವಲ್ಪವಾದರೂ ಇಳಿಯಲೆಂದು ಹೀಟರನ್ನು ಪೂರ್ತಿ ತಿರುಗಿಸಿ, ಬೆವರುತ್ತಲೇ ರಸ್ತೆಯ ಬದಿಗೆ ಬಂದು ಎಂಜಿನ್ ನಿಲ್ಲಿಸಿದೆ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಲಿಲ್ಲ. ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಮತ್ತು ನೀರಿನ ಸಮಪಾಲಿನ ಮಿಶ್ರಣ ಮುಚ್ಚಳದ ಒತ್ತಡದಲ್ಲಿ 120 ಡಿಗ್ರಿಯವರೆಗೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದೊಡನೆ ಕುದಿದು ಮುಖಕ್ಕೇ ಚಿಮ್ಮುತ್ತದೆ.

ಒಂದು ಗಂಟೆ ಕಾದು ನೋಡಿದರೆ ಕೂಲೆಂಟ್ ಮಟ್ಟ ಸರಿಯಾಗಿತ್ತು, ಎಲ್ಲಿಯೂ ಸೋರಿಕೆ ಇರಲಿಲ್ಲ. ಗ್ಯಾರೇಜಿನವರು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ, ಕೆಟ್ಟಿದೆ ಎಂದು ಹೊಸದನ್ನು ಹಾಕಿದರು. ವಾರ ಕಳೆಯುವುದರೊಳಗೆ ಸಿಗ್ನಲ್ಲಿನಲ್ಲಿ ಮತ್ತೆ ಅದೇ ದೀಪ.

ಆಗ ನಾನು ಬಿಡಿಭಾಗಗಳ ಯೋಚನೆ ಬಿಟ್ಟು, ಬಿಸಿ ಯಾವಾಗ ಏರುತ್ತದೆ ಎಂಬುದನ್ನು ಗಮನಿಸತೊಡಗಿದೆ. ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದಲ್ಲಿ ತಾಪಮಾನದ ಮುಳ್ಳು ಅಲ್ಲಾಡುತ್ತಿರಲಿಲ್ಲ. ನಿಂತರೆ ಏರುತ್ತಿತ್ತು, ಹೊರಟರೆ ಇಳಿಯುತ್ತಿತ್ತು. ಥರ್ಮೋಸ್ಟಾಟ್ ಮುಚ್ಚಿಕೊಂಡಿದ್ದರೆ ಅಥವಾ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ವೇಗದಲ್ಲಿಯೂ ಬಿಸಿ ಏರಬೇಕಿತ್ತು. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ಕೊರತೆಯಾಗಿದ್ದುದು ಗಾಳಿ, ಅಂದರೆ ಫ್ಯಾನ್.

ನನ್ನ ಕಾರಿನಲ್ಲಿ ಎಸಿ ಹಾಕಿದೊಡನೆ ಫ್ಯಾನ್ ತಿರುಗಬೇಕು, ತಿರುಗಲಿಲ್ಲ. ಫ್ಯೂಸ್ ಚೆನ್ನಾಗಿತ್ತು. ಫ್ಯಾನಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ರಿಲೇ ಕೆಟ್ಟಿರಬಹುದೆಂದು, ಅದೇ ನಂಬರಿನ ಹಾರ್ನ್ ರಿಲೇಯನ್ನು ಅದರ ಜಾಗಕ್ಕೆ ಹಾಕಿ ನೋಡಿದರೂ ಪ್ರಯೋಜನವಾಗಲಿಲ್ಲ. ಮೋಟಾರಿನ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಬೆಳಗಿತು, ಕರೆಂಟ್ ಅಲ್ಲಿಯವರೆಗೆ ಬರುತ್ತಿತ್ತು. ಕನೆಕ್ಟರನ್ನು ಮರಳಿ ಸಿಕ್ಕಿಸಿ, ಕೈಯನ್ನು ರೆಕ್ಕೆಗಳಿಂದ ದೂರವಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರಿನ ಮೈಗೆ ಎರಡು ಬಾರಿ ಮೆಲ್ಲಗೆ ತಟ್ಟಿದೆ. ಫ್ಯಾನ್ ಒಮ್ಮೆ ನಡುಗಿ, ಗಿರ್ರನೆ ತಿರುಗಿತು.

ಬಿಚ್ಚಿ ನೋಡಿದಾಗ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಒಂದು ಕಾರ್ಬನ್ ಬ್ರಷ್ ಸವೆದು ಉಗುರಿನಷ್ಟಾಗಿ ತನ್ನ ಗೂಡಿನಲ್ಲಿಯೇ ಸಿಕ್ಕಿಕೊಂಡಿತ್ತು, ಸುತ್ತಲೂ ಕಾಡಿಗೆಯಂತಹ ಕರಿಪುಡಿ. ಬೇರಿಂಗ್ ಕೂಡ ಸದ್ದು ಮಾಡುತ್ತಿದ್ದುದರಿಂದ ಇಡೀ ಮೋಟಾರನ್ನೇ ಬದಲಿಸಿದೆ. ಮೋಟಾರ್ ತೆಗೆಯಲು ರೇಡಿಯೇಟರ್ ಇಳಿಸಬೇಕಾಗಿತ್ತು. ಮತ್ತೆ ಕೂಲೆಂಟ್ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡು ಏರ್‌ಲಾಕ್ ಆಗದಿರಲೆಂದು ಕಾರಿನ ಮೂತಿಯನ್ನು ಇಳಿಜಾರಿನ ಮೇಲ್ಭಾಗಕ್ಕೆ ನಿಲ್ಲಿಸಿ, ಹೀಟರ್ ತೆರೆದಿಟ್ಟು, ಗುಳ್ಳೆಗಳು ನಿಲ್ಲುವವರೆಗೆ ಮೂರು ಸಲ ಸುರಿದೆ.

ಗ್ಯಾರೇಜಿನವರು ಕಳಚಿಕೊಟ್ಟಿದ್ದ ಹಳೆಯ ಥರ್ಮೋಸ್ಟಾಟನ್ನು ಕೊನೆಗೊಂದು ದಿನ ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಸಮೇತ ಒಲೆಯ ಮೇಲಿಟ್ಟೆ. ಅದರ ಮೇಲೆ 82 ಎಂದು ಅಚ್ಚಾಗಿತ್ತು. 83ಕ್ಕೆ ಸರಿಯಾಗಿ ಬಾಯಿ ತೆರೆಯಿತು. ಒರೆಸಿ, ಡಿಕ್ಕಿಯ ಟೂಲ್ ಚೀಲದಲ್ಲಿ ಸ್ಪೇರ್ ಆಗಿ ಇಟ್ಟುಕೊಂಡಿದ್ದೇನೆ.