ಜಪಾನಿನ ಪ್ಯಾಕ್ ಅನ್ನದಲ್ಲಿ ಏನಿದೆ, ಏನಿಲ್ಲ

ಪ್ಯಾಕ್ ಅನ್ನ, ಅಂದರೆ ಬೇಯಿಸಿ ಸೀಲ್ ಮಾಡಿ ಮಾರುವ, ಮನೆಯಲ್ಲಿ ಬಿಸಿ ಮಾಡಿಕೊಂಡು ತಿನ್ನುವ ಅನ್ನ, ಅಂದ ತಕ್ಷಣ ಊರಿನಲ್ಲಿ ಎಲ್ಲರೂ ಕೇಳುವುದು ಒಂದೇ. ಅದರಲ್ಲಿ ಸತ್ವ ಇರುತ್ತಾ? ಕೆಮಿಕಲ್ ಹಾಕಿರುತ್ತಾರೆ ಅಲ್ವಾ? ಟೋಕಿಯೊದಲ್ಲಿ ಒಬ್ಬನೇ ಇರುವ ನಾನು ವಾರದ ದಿನಗಳಲ್ಲಿ ಹೆಚ್ಚಾಗಿ ತಿನ್ನುವುದು ಇದೇ ಅನ್ನ. ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ. ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯಲ್ಲಿ ನನ್ನ ಸಕ್ಕರೆಯೂ ಗಡಿಯಲ್ಲಿದೆ ಎಂದು ಬಂತು. ಆಮೇಲೆ ಪ್ಯಾಕಿನ ಹಿಂದಿನ ಚೀಟಿಯನ್ನು ಗಮನ ಕೊಟ್ಟು ಓದಲು ಶುರು ಮಾಡಿದೆ.

ಮೊದಲು ಕೆಮಿಕಲ್ ವಿಷಯ. ನೀಗಾತಾದ ಸಾಟೋ ಕಂಪನಿ 1988ರಲ್ಲಿ ತಂದ 'ಸಾಟೋ ನೋ ಗೋಹಾನ್' ಚೀಟಿಯಲ್ಲಿ ಇರುವುದು ಅಕ್ಕಿ ಮಾತ್ರ. ಕೆಲವು ಬೇರೆ ಬ್ರಾಂಡುಗಳಲ್ಲಿ ಸ್ವಲ್ಪ ಹುಳಿಯ ಅಂಶ ಸೇರಿಸುತ್ತಾರೆ, ಅದನ್ನು ಚೀಟಿಯಲ್ಲೇ ಬರೆದಿರುತ್ತಾರೆ. ಅನ್ನ ತಿಂಗಳುಗಟ್ಟಲೆ ಕೆಡದಿರುವುದಕ್ಕೆ ಕಾರಣ ಅದನ್ನು ಮಾಡುವ ರೀತಿ. ಅಕ್ಕಿಯನ್ನು ಜೋರು ಬಿಸಿಯಲ್ಲಿ ಸೂಕ್ಷ್ಮಜೀವಿ ಉಳಿಯದಂತೆ ಬೇಯಿಸಿ, ಅಷ್ಟೇ ಶುದ್ಧವಾದ ಕೋಣೆಯಲ್ಲಿ ಸೀಲ್ ಮಾಡುತ್ತಾರೆ. ಒಳಗೆ ಕೆಡಿಸುವಂಥದ್ದೇ ಇಲ್ಲದಿದ್ದರೆ ಅನ್ನ ಯಾಕೆ ಹಳಸಬೇಕು?

ಇನ್ನು ಸತ್ವ. ಸಾಮಾನ್ಯವಾಗಿ 200 ಗ್ರಾಂ ತೂಕದ ಬಿಳಿ ಅನ್ನದ ಪ್ಯಾಕಿನಲ್ಲಿ ಸುಮಾರು 300 ಕ್ಯಾಲರಿ ಇರುತ್ತದೆ. ಕಾರ್ಬೋಹೈಡ್ರೇಟ್ 65ರಿಂದ 70 ಗ್ರಾಂ, ಪ್ರೋಟೀನ್ 4 ಗ್ರಾಂ ಆಸುಪಾಸು. ಕೊಬ್ಬು ಇಲ್ಲ ಅನ್ನುವಷ್ಟು ಕಡಿಮೆ, ಉಪ್ಪು ಸೊನ್ನೆ. ಕುಕ್ಕರಿನಲ್ಲಿ ಅದೇ ಅಕ್ಕಿಯನ್ನು ಬೇಯಿಸಿದರೂ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಪ್ಯಾಕ್ ಆದ ಮಾತ್ರಕ್ಕೆ ಅನ್ನದ ಸತ್ವ ಹೋಗುವುದಿಲ್ಲ, ಹೊಸದಾಗಿ ಬರುವುದೂ ಇಲ್ಲ.

ನನಗೆ ನಿಜಕ್ಕೂ ಉಪಯೋಗವಾಗಿದ್ದು ಪ್ಯಾಕಿನ ತೂಕ. ಮನೆಯಲ್ಲಿ ಅನ್ನವನ್ನು ತೂಗಿ ಬಡಿಸಿಕೊಳ್ಳುವವರು ಯಾರು? ಸೌಟಿನಲ್ಲಿ ಹಾಕಿಕೊಳ್ಳುತ್ತೇವೆ, ಸಾರು ಚೆನ್ನಾಗಿದ್ದರೆ ಇನ್ನೊಂದು ಸೌಟು ಬೀಳುತ್ತದೆ. ಇಲ್ಲಿ 150, 180, 200, 300 ಗ್ರಾಂ ಎಂದು ಬೇರೆ ಬೇರೆ ಅಳತೆಯ ಪ್ಯಾಕ್ ಸಿಗುತ್ತವೆ. ಜಪಾನಿನವರ ಅನ್ನದ ಬಟ್ಟಲು ಸುಮಾರು 150 ಗ್ರಾಮಿನದು. ನಾನೂ ಆ ಅಳತೆಗೇ ಬಂದೆ. ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುತ್ತೇನೆ. ಅನ್ನದ ಅಳತೆ ಒಂದೇ ಇರುವುದರಿಂದ, ಜೊತೆಗೆ ತಿಂದದ್ದರಲ್ಲಿ ಯಾವುದು ಸಕ್ಕರೆ ಏರಿಸಿತು, ಯಾವುದು ತಡೆಯಿತು ಅನ್ನುವುದು ಚೆನ್ನಾಗಿ ತಿಳಿಯುತ್ತದೆ. ಬರೀ ಅನ್ನ, ತಿಳಿಸಾರು ಆದ ದಿನ ನನಗೆ ಜಾಸ್ತಿ ಬರುತ್ತದೆ. ಮೊದಲು ಒಂದು ಬಟ್ಟಲು ಎಲೆಕೋಸಿನ ಪಲ್ಯ ಅಥವಾ ಪಾಲಕ್ ತಿಂದು, ಆಮೇಲೆ ಗಟ್ಟಿ ಬೇಳೆ ಹುಳಿಯ ಜೊತೆ ಅನ್ನ ತಿಂದರೆ ಕಡಿಮೆ. ತರಕಾರಿ ಮೊದಲು, ಅನ್ನ ಕೊನೆಗೆ ಅನ್ನುವುದು ಇಲ್ಲಿನವರಿಗೂ ಚೆನ್ನಾಗಿ ಗೊತ್ತಿರುವ ಪದ್ಧತಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಅನ್ನದ ಅಳತೆ ಬದಲಿಸಬೇಡಿ.

ಬೇಳೆಯ ಮಾತು ಸುಮ್ನೆ ಹೇಳಿದ್ದಲ್ಲ. ಪ್ರೋಟೀನ್ ಅಮೈನೋ ಆಮ್ಲ ಎಂಬ ಅಂಶಗಳಿಂದ ಆಗಿರುತ್ತದೆ. ಅವುಗಳಲ್ಲಿ ಒಂದಾದ ಲೈಸಿನ್ ಅನ್ನದಲ್ಲಿ ಕಡಿಮೆ, ಬೇಳೆಯಲ್ಲಿ ಜಾಸ್ತಿ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅನ್ನದಲ್ಲಿದೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಿಶಿ-ಕಸಾಯಿಯ ಭಾರತೀಯ ಅಂಗಡಿಗಳಿಂದ ತೊಗರಿಬೇಳೆ ತಂದು, ರಜಾ ದಿನ ಬೇಯಿಸಿ, ಡಬ್ಬಿಗಳಲ್ಲಿ ಹಾಕಿ ಫ್ರೀಜರಿನಲ್ಲಿ ಇಡುತ್ತೇನೆ. ರಾತ್ರಿ ಬಂದು ಒಗ್ಗರಣೆ ಕೊಟ್ಟರೆ ಸಾಕು. ಬೇಳೆ ಮುಗಿದಿದ್ದರೆ ತೋಫು.

ಬಿಳಿ ಅನ್ನದ ದೊಡ್ಡ ಕೊರತೆ ಮಾತ್ರ ಚೀಟಿಯಲ್ಲಿ ಕಾಣುವುದಿಲ್ಲ. ಜಪಾನಿನ ಚೀಟಿಯಲ್ಲಿ ಕಡ್ಡಾಯವಾಗಿ ಬರೆಯಬೇಕಾದದ್ದು ಕ್ಯಾಲರಿ, ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟ್, ಉಪ್ಪು ಇಷ್ಟೇ. ನಾರು, ವಿಟಮಿನ್ ಬರೆಯಲೇಬೇಕು ಅಂತಿಲ್ಲ. 100 ಗ್ರಾಂ ಬಿಳಿ ಅನ್ನದಲ್ಲಿ ವಿಟಮಿನ್ ಬಿ1 ಇರುವುದು ಕೇವಲ 0.02 ಮಿಲಿಗ್ರಾಂ. ಪಾಲಿಶ್ ಮಾಡದ ಕಂದು ಅಕ್ಕಿಯ ಅನ್ನದಲ್ಲಿ 0.16. ಅಂದರೆ ಎಂಟು ಪಟ್ಟು.

ಈ ಕೊರತೆ ಏನು ಮಾಡಬಲ್ಲದು ಅನ್ನುವುದನ್ನು ಜಪಾನಿನಷ್ಟು ಕಂಡ ದೇಶಗಳು ಕಡಿಮೆ. ನರ, ಹೃದಯಕ್ಕೆ ಪೆಟ್ಟು ಕೊಡುವ ಬೆರಿಬೆರಿ ರೋಗಕ್ಕೆ ಇಲ್ಲಿ 'ಎದೊ ಕಾಯಿಲೆ' ಅಂತಲೇ ಹೆಸರಿತ್ತು, ಯಾಕಂದರೆ ಪಾಲಿಶ್ ಅಕ್ಕಿ ತಿನ್ನುತ್ತಿದ್ದದ್ದು ಎದೊ, ಅಂದರೆ ಇಂದಿನ ಟೋಕಿಯೊದ ಜನ. 1883ರಲ್ಲಿ ದೂರದ ಪ್ರಯಾಣ ಮುಗಿಸಿ ಬಂದ ನೌಕಾಪಡೆಯ ರ್ಯೂಜೋ ಹಡಗಿನ 376 ಜನರಲ್ಲಿ 169 ಜನಕ್ಕೆ ಬೆರಿಬೆರಿ ಆಗಿತ್ತು, 25 ಜನ ಸತ್ತಿದ್ದರು. ವೈದ್ಯ ತಾಕಾಗಿ ಕಾನೆಹಿರೋ ಮರುವರ್ಷ ತ್ಸುಕುಬಾ ಹಡಗನ್ನು ಅದೇ ದಾರಿಯಲ್ಲಿ ಕಳುಹಿಸಿ, ಊಟ ಮಾತ್ರ ಬದಲಿಸಿದರು. ಆ ರೋಗದಿಂದ ಒಬ್ಬರೂ ಸಾಯಲಿಲ್ಲ. ಆಮೇಲೆ ನೌಕಾಪಡೆಯ ಅನ್ನಕ್ಕೆ ಬಾರ್ಲಿ ಸೇರಿತು. ಪ್ರೋಟೀನ್ ಸಾಲದೆ ರೋಗ ಬರುತ್ತದೆ ಎಂದು ತಾಕಾಗಿ ನಂಬಿದ್ದರು. ನಿಜವಾದ ಕಾರಣ ಬಿ1 ಕೊರತೆ. ಅಕ್ಕಿ ತೌಡಿನಿಂದ ಆ ಅಂಶವನ್ನು 1910ರಲ್ಲಿ ಬೇರ್ಪಡಿಸಿದವರು ಸುಜುಕಿ ಉಮೆತಾರೋ.

ಬಾರ್ಲಿ ಬೆರೆಸಿದ ಅನ್ನ ಈಗ ಪ್ಯಾಕಿನಲ್ಲೇ ಬರುತ್ತದೆ, ಕಂದು ಅಕ್ಕಿಯದೂ ಬರುತ್ತದೆ. ಚೀಟಿಯಲ್ಲಿ ನಾರಿನ ಅಂಕಿ ಬರೆದಿರುವ ಪ್ಯಾಕನ್ನೇ ಆರಿಸುತ್ತೇನೆ. ಕಂದು ಅನ್ನದ ಕ್ಯಾಲರಿ ಬಿಳಿ ಅನ್ನದಷ್ಟೇ ಇರುತ್ತದೆ, ಹಾಗಾಗಿ ತೂಕ ಇಳಿಸುವ ಆಸೆಯಿಂದ ಅದನ್ನು ಎರಡು ಪ್ಯಾಕ್ ತಿಂದರೆ ಪ್ರಯೋಜನವಿಲ್ಲ. ರುಚಿಯ ವಿಷಯದಲ್ಲಿ ನನ್ನ ಮತ ಬಾರ್ಲಿಗೆ. ಜಪಾನಿನ ಬಿಳಿ ಅನ್ನ ಅಂಟಂಟು, ಸೋನಾ ಮಸೂರಿಯ ಹಾಗೆ ಉದುರುವುದಿಲ್ಲ. ಬಾರ್ಲಿ ಸೇರಿದರೆ ಸಾರಿನ ಜೊತೆ ಬಿಡಿಬಿಡಿಯಾಗಿ ಕಲೆಯುತ್ತದೆ. ಮೊಸರನ್ನಕ್ಕೆ ಮಾತ್ರ ಅಂಟು ಅನ್ನವೇ ಚೆಂದ.

ಮಸಾಲೆ, ತರಕಾರಿ ಸೇರಿಸಿದ ರುಚಿಯ ಅನ್ನಗಳನ್ನು ಕೊಳ್ಳುವಾಗ ಉಪ್ಪಿನ ಸಾಲು ನೋಡಲೇಬೇಕು. ಕೆಲವು ಪ್ಯಾಕುಗಳಲ್ಲಿ ಒಂದರಲ್ಲೇ 2 ಗ್ರಾಂ ಉಪ್ಪು ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನವಿಡೀ ಸೇರಿ 5 ಗ್ರಾಮಿಗಿಂತ ಕಡಿಮೆ ಇರಲಿ ಅನ್ನುತ್ತದೆ. ನಮ್ಮಂಥ ಸಸ್ಯಾಹಾರಿಗಳು ಮೀನಿನ ಸಾರ ಸೇರಿದೆಯಾ ಅಂತಲೂ ನೋಡಬೇಕು. ಇನ್ನೊಂದು ಬಗೆ ಇದೆ. ಮೂತ್ರಪಿಂಡದ ತೊಂದರೆ ಇರುವವರಿಗಾಗಿ ಪ್ರೋಟೀನ್ ಕಡಿಮೆ ಮಾಡಿದ ಅನ್ನ. ವೈದ್ಯರು ಹೇಳದೆ ಅದನ್ನು ಕೊಳ್ಳಬೇಡಿ.

ಭೂಕಂಪದ ಊರು, ಹಾಗಾಗಿ ಕೆಲವು ಪ್ಯಾಕ್ ಯಾವಾಗಲೂ ಮನೆಯಲ್ಲಿ ಇಟ್ಟಿರುತ್ತೇನೆ. ಹಳೆಯದನ್ನು ತಿಂದು ಹೊಸದನ್ನು ಹಿಂದೆ ಇಡುತ್ತೇನೆ. ಕರೆಂಟ್ ಹೋದರೆ ಮೈಕ್ರೋವೇವ್ ನಡೆಯುವುದಿಲ್ಲ, ಪ್ಯಾಕನ್ನು ಕುದಿಯುವ ನೀರಿನಲ್ಲಿ ಬಿಸಿ ಮಾಡಲು ಸಣ್ಣ ಗ್ಯಾಸ್ ಒಲೆ ಬೇಕು. ಬಿಸಿ ಮಾಡದಿದ್ದರೆ ಅಗುಳು ಗಟ್ಟಿಯಾಗಿರುತ್ತದೆ, ಜೀರ್ಣವಾಗುವುದೂ ಕಷ್ಟ. ಅಂಥ ಹೊತ್ತಿಗೆ ಬೇಳೆ ಬೇಯಿಸಲು ಆಗದು ಅಂತ ಅದೇ ಕಪಾಟಿನಲ್ಲಿ ಕಡಲೆಕಾಯಿ ಬೀಜ, ಹುರಿಗಡಲೆ ಮತ್ತು ಊರಿನಿಂದ ಬರುವ ಶೇಂಗಾ ಚಟ್ನಿಪುಡಿ ಇಟ್ಟಿದ್ದೇನೆ.