ಸಾಹಿತ್ಯವಿಲ್ಲದ ಏಳು ನಿಮಿಷ

ಹಾಸನದ ನೃತ್ಯಶಾಲೆಯೊಂದಕ್ಕೆ ಪಿಟೀಲು ನುಡಿಸಲು ಹೋಗುವುದು ನನಗೆ ಹೊಸತಲ್ಲ. ಆದರೆ ಆ ವರ್ಷ ಅಲ್ಲಿನ ಗುರುಗಳು ಬೇರೆಯದೇ ಕೆಲಸ ಒಪ್ಪಿಸಿದರು. ‘ಮಕ್ಕಳು ವೇಷ ಬದಲಿಸಲು ಏಳು ನಿಮಿಷ ಬೇಕು ಸರ್. ಅಷ್ಟು ಹೊತ್ತು ಬರೀ ವಾದ್ಯ ಇರಲಿ. ಕೃತಿ ಬೇಡ, ಜನ ಜೊತೆಗೆ ಗುನುಗಲು ಶುರು ಮಾಡುತ್ತಾರೆ. ಹೊಸದಾಗಿ ಏನಾದರೂ ಕಟ್ಟಿಕೊಡಿ.’ ಇಪ್ಪತ್ತು ವರ್ಷ ಕಮಾನು ಎಳೆದವನಿಗೆ ಏಳು ನಿಮಿಷ ಯಾವ ಲೆಕ್ಕ ಎಂದುಕೊಂಡು ಒಪ್ಪಿದೆ. ಮೂರು ತಿಂಗಳು ಹಿಡಿಯಿತು.

ನಾನು ಅರಕಲಗೂಡು ತಾಲ್ಲೂಕಿನವನು. ನಮ್ಮ ಕಡೆ ಸಂಗೀತ ಎಂದರೆ ಹಾಡುಗಾರಿಕೆ. ಕಾವೇರಿ ದಂಡೆಯ ರುದ್ರಪಟ್ಟಣ, 1920ರಲ್ಲಿ ಗಾಯಕ ಆರ್.ಕೆ. ಶ್ರೀಕಂಠನ್ ಅವರು ಹುಟ್ಟಿದ ಊರು, ನಮ್ಮ ತಾಲ್ಲೂಕಿನದೇ. ಪಿಟೀಲು ಕಲಿಸುವಾಗಲೂ ನಮ್ಮ ಮೇಷ್ಟರು ಮೊದಲು ಹಾಡಿಸಿ ಆಮೇಲೆ ಕಮಾನು ಮುಟ್ಟಿಸುತ್ತಿದ್ದರು. ಸಾಹಿತ್ಯ, ಅಂದರೆ ಹಾಡಿನ ಪದ, ಎಲ್ಲಿ ಒಡೆಯುತ್ತದೋ ಅಲ್ಲಿ ಕಮಾನು ತಿರುಗಬೇಕು. ಮಾತು, ಧಾತು (ಪದ, ಸ್ವರ) ಎರಡನ್ನೂ ಕಟ್ಟುವವನು ವಾಗ್ಗೇಯಕಾರ. ಬರೀ ಧಾತು ಕಟ್ಟಲು ಹೊರಟವನಿಗೆ ಏನೆನ್ನಬೇಕೋ ಕಾಣೆ. ಪದವಿಲ್ಲದೆ ಬರೀ ಸ್ವರವಿರುವ ಜತಿಸ್ವರದಂಥ ಒಂದೆರಡು ಪ್ರಕಾರಗಳನ್ನು ಬಿಟ್ಟರೆ ಮುಂದಿಟ್ಟುಕೊಳ್ಳಲು ಮಾದರಿಗಳೂ ಕಡಿಮೆ.

ಹಿಂದೋಳ ಆರಿಸಿಕೊಂಡೆ. ರಿಷಭ, ಪಂಚಮಗಳಿಲ್ಲದ ಐದು ಸ್ವರದ ರಾಗ, ಕೇಳಿದೊಡನೆ ಮನಸ್ಸಿಗೆ ಹತ್ತುತ್ತದೆ. ಮೊದಲ ವಾರ ಕಟ್ಟಿದ ಸಾಲನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನುಡಿಸಿದೆ. ಒಗ್ಗರಣೆ ಹಾಕುತ್ತಿದ್ದ ಹೆಂಡತಿ ತಲೆ ಎತ್ತದೆಯೇ ತ್ಯಾಗರಾಜರ ಕೃತಿಯನ್ನು ಮುಂದುವರಿಸಿ ಹಾಡಿದಳು. ಯಾವ ಕೃತಿ ಎಂದು ಹಿಂದೋಳ ಬಲ್ಲವರಿಗೆ ಹೇಳಬೇಕಾಗಿಲ್ಲ. ಹಾಳೆ ಹರಿದು, ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಧೈವತದಿಂದ ಮತ್ತೆ ಶುರು ಮಾಡಿದೆ.

ಎರಡನೆಯ ಪೆಟ್ಟು ಬಿದ್ದದ್ದು ನನ್ನ ಅಭ್ಯಾಸದಿಂದಲೇ. ಬಾಯಿಗೆ ಬಂದ ಪದ ಹಾಕಿ ಗುನುಗುತ್ತಾ ಕಟ್ಟುವವನು ನಾನು. ಹೊರಗೆ ಆಷಾಢದ ಮಳೆ ಹಿಡಿದಿತ್ತು, ಒಂದೇ ಗಾಂಧಾರದ ಮೇಲೆ ‘ಸುರಿ ಸುರಿ’ ಎಂದು ನಾಲ್ಕು ಅಕ್ಷರ ಕೂತಿತು. ಹಾಡಿಕೊಂಡಾಗ ಎಷ್ಟು ಚೆಂದ! ಪದ ತೆಗೆದು ಪಿಟೀಲಿನಲ್ಲಿ ನುಡಿಸಿದರೆ ಉಳಿದದ್ದು ಒಂದು ಉದ್ದನೆಯ ಗಾಂಧಾರ, ಅಷ್ಟೇ. ಕಮಾನನ್ನು ನಾಲ್ಕು ಸಲ ಕತ್ತರಿಸಿ ನೋಡಿದೆ, ಮರ ಕೊಯ್ದ ಹಾಗಾಯಿತು. ‘ಸು’ ಮತ್ತು ‘ರಿ’ ಬೇರೆ ಬೇರೆ ವ್ಯಂಜನವಾದ್ದರಿಂದಲೇ ಆ ಸಾಲಿಗೆ ಜೀವವಿತ್ತು. ನಾನು ರಾಗದ ಗುಣ ಎಂದು ತಿಳಿದದ್ದು ನಾಲಗೆಯ ಗುಣ. ಆ ಸಾಲನ್ನು ನಮ್ಮ ತಂಡದ ವೀಣೆಗೆ ಕೊಟ್ಟೆ. ಪ್ರತಿ ಮೀಟೂ ಒಂದು ಅಕ್ಷರದ ಹಾಗೆ ಬಿತ್ತು. ಆದರೆ ವೀಣೆಗೆಂದು ಮೊದಲು ಬರೆದಿದ್ದ ನೀಳವಾದ ಮಧ್ಯಮ, ಮೀಟಿದ ಸ್ವಲ್ಪ ಹೊತ್ತಿಗೆ ಆರಿಹೋಗುತ್ತಿತ್ತು. ಅದು ಪಿಟೀಲಿಗೆ ಬಂತು. ಹೀಗೆ ಅರ್ಧ ರಚನೆ ಕೈ ಬದಲಾಯಿಸಿತು.

ಮೂರನೆಯ ತೊಡಕು ಕೊಳಲಿನದು. ವೀಣೆಯ ಅಕ್ಕ ಮೂರು ಮನೆ ಶ್ರುತಿ ಬಿಡಲೊಲ್ಲರು (ಮನೆ ಎಂದರೆ ಶ್ರುತಿಯ ಎತ್ತರದ ಅಳತೆ). ಕೊಳಲಿನವರು ಬ್ಯಾಂಕ್ ಉದ್ಯೋಗಿ, ಐದು ಮನೆಯ ಗಿಡ್ಡ ಕೊಳಲಿಗೆ ಒಗ್ಗಿದವರು. ಮೂರು ಮನೆಯ ಉದ್ದ ಕೊಳಲು ಹಿಡಿದರೆ ಉಸಿರು ಹೆಚ್ಚು ಬೇಕು. ಕೊನೆಯ ಮುಕ್ತಾಯಕ್ಕೆ ಬರುವಾಗ ಅವರ ಮುಖ ಕೆಂಪಾಗುತ್ತಿತ್ತು. ಆದಿತಾಳದ ಒಂದು ಸುತ್ತಿಗೆ, ಅಂದರೆ ಆವರ್ತಕ್ಕೆ, ಎಂಟು ಎಣಿಕೆ; ಎಣಿಕೆಗೆ ನಾಲ್ಕು ಮಾತ್ರೆಯಂತೆ 32 ಮಾತ್ರೆ. ನಾನು 10 ಮಾತ್ರೆಯ ಸಾಲನ್ನು ಮೂರು ಸಲ ಇಟ್ಟು, ನಡುವೆ ಒಂದೊಂದು ಮಾತ್ರೆಯ ಕಾರ್ವೆ, ಅಂದರೆ ತಡೆದು ನಿಲ್ಲುವ ಜಾಗ, ಬಿಟ್ಟಿದ್ದೆ. ಕಾಗದದ ಮೇಲೆ ಲೆಕ್ಕ ಸರಿ. ‘ಸರ್, ಉಸಿರು ಎಲ್ಲಿ ತೆಗೆದುಕೊಳ್ಳಲಿ?’ ಎಂದರು. ಪಿಟೀಲಿನವನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಸಾಲನ್ನು 8ಕ್ಕೆ ಇಳಿಸಿ ಕಾರ್ವೆಯನ್ನು 4ಕ್ಕೆ ಏರಿಸಿದೆ. ಮೃದಂಗದ ಹುಡುಗ ಒದ್ದೆ ಹವೆಗೆ ಇಳಿಯುತ್ತಿದ್ದ ಮುಚ್ಚಿಗೆಯ (ಚರ್ಮದ ಹೊದಿಕೆಯ) ಶ್ರುತಿಯನ್ನು ಕಲ್ಲಿನಿಂದ ತಟ್ಟಿ ಏರಿಸುತ್ತಾ, ‘ತಪ್ಪು ತಿಳಿಯಬೇಡಿ ಸರ್, ಹೊಸಬರು ಅಲಂಕಾರದ ಸ್ವರಪಾಠ ಒಪ್ಪಿಸಿದ ಹಾಗಿದೆ’ ಎಂದ. ಸಿಟ್ಟು ಬಂತು. ಅವನು ಹೇಳಿದ್ದು ನಿಜವಾಗಿತ್ತು. ಕೊನೆಗೆ ‘ಗಮದನಿದನಿ’ ಎಂಬ 6 ಮಾತ್ರೆ ಮೂರು ಸಲ, ನಡುವೆ 7 ಮಾತ್ರೆಯ ಎರಡು ಕಾರ್ವೆ. ಹದಿನೆಂಟು ಮತ್ತು ಹದಿನಾಲ್ಕು, ಮತ್ತೆ ಮೂವತ್ತೆರಡೇ. ಕೊಳಲಿಗೆ ಉಸಿರು ಸಿಕ್ಕಿತು, ಖಾಲಿ ಜಾಗದಲ್ಲಿ ಮೃದಂಗದ ಹುಡುಗನಿಗೆ ಕೆಲಸವೂ ಸಿಕ್ಕಿತು.

ಕಾರ್ಯಕ್ರಮದ ದಿನ ಎಲ್ಲವೂ ಹಾಳೆಯಲ್ಲಿದ್ದಂತೆ ಸಾಗಿ, ಮುಕ್ತಾಯ ನುಡಿಸಿ ಸಮಕ್ಕೆ, ತಾಳದ ಮೊದಲ ಎಣಿಕೆಗೆ, ಬಂದೆವು. ಪರದೆಯ ಸಂದಿಯಿಂದ ಗುರುಗಳ ಕೈ ಕಾಣಿಸಿತು: ಇನ್ನೂ ಆಗಿಲ್ಲ. ಯಾರದೋ ಜಡೆಬಿಲ್ಲೆ ಬಿಚ್ಚಿಕೊಂಡಿತ್ತಂತೆ. ಮುಕ್ತಾಯವನ್ನೇ ಮತ್ತೆ ನುಡಿಸಿದೆವು. ಕೈ ಮತ್ತೆ ಅಲುಗಿತು. ಮೂರನೆಯ ಸಲಕ್ಕೆ ನಾನು ಕಮಾನು ಎತ್ತುವ ಮೊದಲೇ ವೀಣೆಯ ಅಕ್ಕ ಗಾಂಧಾರದ ನಾಲ್ಕು ಮೀಟಿಗೆ ಹಿಂದಿರುಗಿದರು, ಮೆಲ್ಲಗೆ, ಅರ್ಧ ವೇಗದಲ್ಲಿ. ನಾನು ಹಾಗೆ ಬರೆದಿರಲಿಲ್ಲ. ಮಂದ್ರದ ಧೈವತ ಹಿಡಿದು ಅವರ ಕೆಳಗೆ ನಿಂತೆ. ಗೆಜ್ಜೆಯ ಸದ್ದು ಕೇಳುವವರೆಗೂ ಹಾಗೆಯೇ ಇದ್ದೆವು.

ಈಗ ಹಾಳೆಯಲ್ಲಿ ಕೊನೆಯ ಮುಕ್ತಾಯವನ್ನು ಹೊಡೆದುಹಾಕಿ ಅದನ್ನೇ ಬರೆದಿಟ್ಟಿದ್ದೇನೆ.