ಸೆಲ್ಫ್ ಕೆಟ್ಟಿರಲಿಲ್ಲ

ಕಳೆದ ಮಳೆಗಾಲದಲ್ಲಿ ಸಾಗರದ ಪೇಟೆಯಲ್ಲಿ ದನಕ್ಕೆ ಹಿಂಡಿ ತುಂಬಿಸಿಕೊಂಡು ವಾಪಸ್ ಹೊರಡೋಣ ಅಂತ ಕೀ ತಿರುಗಿಸಿದರೆ, ನನ್ನ ಹಳೇ ಡೀಸೆಲ್ ಜೀಪು "ಟಕ್" ಅಂತ ಒಂದೇ ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ತಿರುಗಿಸಿದೆ. ಮತ್ತೆ ಟಕ್. ನಾಲ್ಕು ಜನ ಸೇರಿ ತಳ್ಳಿದರು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ, ಸ್ಟಾರ್ಟ್ ಆಯಿತು. ದಾರಿಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಬಾನೆಟ್ಟೂ ಎತ್ತದೆ "ಸೆಲ್ಫ್ ಹೋಗಿದೆ ಸಾರ್, ಬಿಚ್ಚಬೇಕು" ಅಂದ. ಸೆಲ್ಫ್ ಅಂದರೆ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರು.

ಬಿಚ್ಚಲು ಬಿಡಲಿಲ್ಲ. ಎರಡು ವರ್ಷದ ಹಿಂದೆ ಇಂಥದ್ದೇ ಮಾತು ಕೇಳಿ ಚೆನ್ನಾಗಿದ್ದ ಬ್ಯಾಟರಿ ಬದಲಾಯಿಸಿದ್ದೆ. ಆಮೇಲೆ ನೋಡಿದರೆ ಬ್ಯಾಟರಿಗೆ ಕೇಬಲ್ ಕಚ್ಚಿಸುವ ಕ್ಲ್ಯಾಂಪ್ ಸಡಿಲ!

ಮನೆಗೆ ಬಂದು, ಗಾಡಿ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹೆಡ್‌ಲೈಟ್ ಹಚ್ಚಿ ಮಗನಿಗೆ ಕೀ ತಿರುಗಿಸು ಅಂದೆ. ಬ್ಯಾಟರಿ ಸೋತಿದ್ದರೆ ಲೈಟು ಮಂಕಾಗುತ್ತದೆ, ಎಷ್ಟೋ ಸಲ ಸಾಲಿನಾಯ್ಡ್ (ಸೆಲ್ಫ್‌ಗೆ ಕರೆಂಟು ಬಿಡುವ ಸ್ವಿಚ್ಚು) ಟಕಟಕಟಕ ಅಂತ ಬಡಿದುಕೊಳ್ಳುತ್ತದೆ. ಇಲ್ಲಿ ಲೈಟು ಕದಲಲೇ ಇಲ್ಲ. ಅಂದರೆ ಸೆಲ್ಫ್ ಎಳೆಯಬೇಕಾದ ಕರೆಂಟು ಎಳೀತಾನೇ ಇಲ್ಲ ಅಲ್ವಾ?

ಮಲ್ಟಿಮೀಟರ್ ತಂದೆ. ಬ್ಯಾಟರಿ ಸುಮ್ನೆ ಇದ್ದಾಗ 12.5 ವೋಲ್ಟ್. ಕೀ ತಿರುಗಿಸಿ ಹಿಡಿದಾಗಲೂ 12.1. ಹತ್ತು ವೋಲ್ಟಿಗಿಂತ ಕೆಳಗೆ ಬಿದ್ದಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದಿತ್ತು. ಮುಂದಿನದೇ ಮುಖ್ಯ, ಜಾಸ್ತಿ ಜನ ಮಾಡದಿರುವುದೂ ಇದನ್ನೇ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದು ಸೆಲ್ಫ್ ಮೋಟಾರಿನ ದಪ್ಪ ಕೇಬಲ್ ಕೂರುವ ಬೋಲ್ಟಿಗೆ. ಕೀ ತಿರುಗಿಸಿದಾಗ ಇವೆರಡರ ನಡುವೆ ದಾರಿಯಲ್ಲೇ ಕಳೆದದ್ದು 0.2 ವೋಲ್ಟ್. ಅರ್ಧ ವೋಲ್ಟಿನ ಒಳಗಿದ್ದರೆ ಆ ಕಡೆ ತಕರಾರಿಲ್ಲ. ಆಮೇಲೆ ಮೈನಸ್ ಕಂಬದಿಂದ ಇಂಜಿನ್ನಿನ ಮೈಗೆ ಇಟ್ಟೆ. ಮಗ ಕೀ ತಿರುಗಿಸಿದ, ಮೀಟರು 7.8 ತೋರಿಸಿತು! ಅಲ್ಲಿ 0.2, 0.3 ದಾಟಬಾರದು. ಹನ್ನೆರಡರಲ್ಲಿ ಎಂಟು ವೋಲ್ಟು ಅರ್ತಿಂಗ್ ದಾರಿಯಲ್ಲೇ, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿಯಲ್ಲೇ ಹೋದರೆ ಮೋಟಾರಿಗೆ ಸಿಗುವುದು ನಾಲ್ಕು. ಸಾಲಿನಾಯ್ಡ್ ಟಕ್ ಅಂದರೂ, ಇಂಜಿನ್ ತಿರುಗಿಸುವುದಕ್ಕೆ ಅಷ್ಟು ಎಲ್ಲಿ ಸಾಕಾಗುತ್ತದೆ?

ಖಾತ್ರಿಗೆ ಜಂಪರ್ ಕೇಬಲ್ ಒಂದನ್ನು ಮೈನಸ್ ಕಂಬದಿಂದ ನೇರ ಇಂಜಿನ್ನಿಗೆ ಕಚ್ಚಿಸಿದೆ. ಸೆಲ್ಫ್ ಒಂದೇ ಸಲಕ್ಕೆ ಹೊಡೆಯಿತು.

ಅರ್ತಿಂಗ್ ದಾರಿ ಅಂದರೆ ಇಂಜಿನ್ನಿನಿಂದ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಹೋಗುವ ಹೆಣೆದ ತಾಮ್ರದ ಪಟ್ಟಿ. ಅದು ಮೇಲಿಂದ ನೋಡಿದರೆ ಗಟ್ಟಿಯಾಗೇ ಇತ್ತು, ಎಳೆದರೂ ಬರಲಿಲ್ಲ. ಬೋಲ್ಟ್ ಬಿಚ್ಚಿದರೆ ಕೆಳಗೆ ಬರೀ ತುಕ್ಕು, ಹಸಿರು ಹಿಡಿದ ಪುಡಿ. ಉಪ್ಪುಕಾಗದದಲ್ಲಿ ಎರಡೂ ಕಡೆ ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಪಟ್ಟಿ ಹಾಕಿ, ಮೇಲೆ ಗ್ರೀಸ್ ಸವರಿದೆ. ಮತ್ತೆ ಅಳತೆ ಹಾಕಿದರೆ 0.1.

ಎಲ್ಲಾ ಸಲ ಅರ್ತಿಂಗೇ ಅಂತ ಅಲ್ಲ. ಪಕ್ಕದ ಮನೆಯವರ ಟೆಂಪೋ ಸೆಲ್ಫ್‌ಗೆ ಸ್ಪಾನರ್ ಹಿಡಿಯಲ್ಲಿ ಮೆಲ್ಲಗೆ ತಟ್ಟಿದರೆ ತಿರುಗುತ್ತಿತ್ತು, ಅದು ಮೋಟಾರಿನೊಳಗೆ ಕರೆಂಟು ದಾಟಿಸುವ ಕಾರ್ಬನ್ ಬ್ರಶ್ ಸವೆದದ್ದು. ಅದನ್ನು ಬಿಚ್ಚಲೇಬೇಕಾಯಿತು.

ಅಂದಹಾಗೆ, ಇದಕ್ಕೂ ಒಂದು ವಾರ ಮೊದಲು ನನ್ನ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿತ್ತು, ಹೊದಿಕೆ ಒಂದು ಕಡೆ ಕರಗಿದ ಹಾಗಿತ್ತು. ಸೈಲೆನ್ಸರಿನ ಬಿಸಿ ಅಂದುಕೊಂಡಿದ್ದೆ. ಪಟ್ಟಿ ಕೈಕೊಟ್ಟಿದ್ದರಿಂದ ಸೆಲ್ಫ್‌ನ ಕರೆಂಟು ಆ ಸಣ್ಣ ಕೇಬಲ್ ಮೇಲೇ ವಾಪಸ್ ಹೋಗುತ್ತಿತ್ತು. ಅದನ್ನೂ ಬದಲಾಯಿಸಿದೆ.